ನೋವು ಅಳೆಯಲು ಅಂಕಿಯೋ, ಮುಖದ ಚಿತ್ರವೋ?

ಮಾತಾಡಬಲ್ಲ ದೊಡ್ಡವರಿಗೆ 0ರಿಂದ 10ರ ಅಂಕಿ ಸಾಕು: 0 ಅಂದರೆ ನೋವಿಲ್ಲ, 10 ಅಂದರೆ ತೀರಾ ಹೆಚ್ಚಿನ ನೋವು. ಬೇಗ ಮುಗಿಯುತ್ತದೆ, ಮಾತ್ರೆ ಕೊಟ್ಟ ಮೇಲೆ ಮತ್ತೆ ಕೇಳಿ ಹೋಲಿಸಬಹುದು. ಆದರೆ ಎಷ್ಟೋ ಅಜ್ಜಿಯರು ಅಂಕಿ ಹೇಳುವುದೇ ಇಲ್ಲ. "ಏನೋ ಸ್ವಲ್ಪ ನೋವು ಕಣಮ್ಮ" ಅನ್ನುತ್ತಾರೆ. ಕೈ ಮಾತ್ರ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಅಂಥವರಿಗೂ 3 ವರ್ಷ ದಾಟಿದ ಮಕ್ಕಳಿಗೂ ವಾಂಗ್-ಬೇಕರ್ ಎಂಬ ಮುಖದ ಚಿತ್ರಗಳೇ ವಾಸಿ. ನಗುವಿನಿಂದ ಅಳುವಿನವರೆಗೆ 6 ಮುಖಗಳು. ರೋಗಿಯೇ ಬೆರಳಿಟ್ಟು ತೋರಿಸಬೇಕು, ಅವರ ಮುಖ ನೋಡಿ ನಾವು ಆರಿಸಬಾರದು. ಅವಸರದಲ್ಲಿ ಈ ತಪ್ಪು ಸುಲಭವಾಗಿ ಆಗಿಬಿಡುತ್ತದೆ, ಅಲ್ವಾ? ಮಾತು ಬಾರದ ಕೂಸಿಗೆ ಮಾತ್ರ ನಾವೇ ನೋಡಿ ಅಂಕ ಕೊಡುವ ಫ್ಲಾಕ್ (FLACC) ಎಂಬ ಅಳತೆ: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ, ಒಂದೊಂದಕ್ಕೂ 0ರಿಂದ 2. ಒಂದನ್ನೇ ಜೇಬಿನಲ್ಲಿ ಇಡಬೇಕೆಂದರೆ ನಾನು ಚಿತ್ರದ ಕಾರ್ಡನ್ನೇ ಇಡುತ್ತೇನೆ.