ನೀರು ಹಿಡಿಯುವ ಹರಳು: ಸಕಲೇಶಪುರದಲ್ಲಿ ಜಾಣ, ಅರಸೀಕೆರೆಯಲ್ಲಿ ದಡ್ಡ

ಹಾಸನದ ಗೊಬ್ಬರದಂಗಡಿಯೊಂದರಲ್ಲಿ ಕೊಂಡ ಒಂದು ಕಿಲೋ ಪೊಟ್ಟಣವನ್ನು ಅಕ್ಕನೂ ನಾನೂ ಅರ್ಧರ್ಧ ಹಂಚಿಕೊಂಡೆವು. ಬೇಸಿಗೆಯಲ್ಲಿ ಸಸಿಯ ಬುಡಕ್ಕೆ ಹಾಕುವ ಪಾಲಿಮರ್ ಹರಳು ಅದು. ಒಣಗಿದ್ದಾಗ ಸಕ್ಕರೆಯಂತೆ, ನೆನೆದರೆ ಸಬ್ಬಕ್ಕಿಯಂತೆ. ತೂಕದ 400 ಪಟ್ಟು ನೀರು ಹೀರುತ್ತದೆ ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿದೆ. ಸಕಲೇಶಪುರದ ಅಕ್ಕ ತನ್ನ ಕಾಫಿ ಸಸಿಗಳನ್ನು ಹೊಗಳಿದ್ದೇ ಹೊಗಳಿದ್ದು. ಅರಸೀಕೆರೆಯ ನನ್ನ ತೆಂಗಿನ ಸಸಿಗಳು ಮೂರನೆಯ ದಿನಕ್ಕೇ ಬಾಡಿದವು. “ಜಿಪುಣತನ ಮಾಡಿ ಕಡಿಮೆ ಹಾಕಿರುತ್ತೀಯ ಕಣೇ” ಎಂದಳು. ಸಿಟ್ಟು ಬಂದು ಅಡುಗೆಮನೆಯ ತಕ್ಕಡಿ ಹೊರತೆಗೆದೆ.

ಎರಡು ಪಾತ್ರೆಗೆ ಒಂದೊಂದು ಗ್ರಾಂ ಹರಳು. ಒಂದಕ್ಕೆ ಯುಗಾದಿಯ ನಂತರದ ಮೊದಲ ಮಳೆಯಲ್ಲಿ ಹಿಡಿದಿಟ್ಟ ನೀರು, ಇನ್ನೊಂದಕ್ಕೆ ನಮ್ಮ ಕೊಳವೆಬಾವಿಯದು, ತಲಾ ಒಂದು ಲೀಟರ್. ಬೆಳಿಗ್ಗೆ ಟೀ ಜರಡಿಯಲ್ಲಿ ಸೋಸಿ ತೂಗಿದೆ: ಮಳೆನೀರಿನದು 240 ಗ್ರಾಂ, ನಮ್ಮದು 85.

ನಮ್ಮ ನೀರು ಕುಡಿಯಲು ಅಡ್ಡಿಯಿಲ್ಲ; ಹಂಡೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ಅಷ್ಟೇ. ಲೀಟರಿಗೆ ಒಂದು ಗ್ರಾಂ ಕೂಡ ಇಲ್ಲದ ಆ ಲವಣವೇ ಆಟ ಕೆಡಿಸಿದ್ದು. ಹರಳಿನೊಳಗಿನ ಉದ್ದುದ್ದ ಎಳೆಗಳು ನೀರಿನಲ್ಲಿ ಋಣ ವಿದ್ಯುದಂಶ ಪಡೆದು ಒಂದನ್ನೊಂದು ದೂರ ತಳ್ಳುತ್ತವೆ. ಆ ಸಂದಿಗೆ ನೀರು ನುಗ್ಗುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳಿಗೆ ಎರಡೆರಡು ಧನ ಅಂಶ. ಒಂದು ಕೈ ಈ ಎಳೆಗೆ, ಇನ್ನೊಂದು ಕೈ ಆ ಎಳೆಗೆ ಹಾಕಿ ಎರಡನ್ನೂ ಬಿಗಿದುಬಿಡುತ್ತವೆ. ಮತ್ತೆ ಹಿಗ್ಗುವುದೆಲ್ಲಿ?

ಉಬ್ಬಿದ ಹರಳಿನ ಒಂದು ಬಟ್ಟಲಿಗೆ ಚಿಟಿಕೆ ಪೊಟ್ಯಾಷ್ ಗೊಬ್ಬರವನ್ನೂ ಕರಗಿಸಿ ನೋಡಿದೆ. ಕಣ್ಣೆದುರೇ ಕುಗ್ಗಿತು. ಎರಡು ಸಲ ಮಳೆನೀರಿನಲ್ಲಿ ತೊಳೆದು ನೆನೆಹಾಕಿದ ಮೇಲೆ ಬಹುಪಾಲು ಚೇತರಿಸಿಕೊಂಡಿತು. ಕೊಳವೆಬಾವಿ ನೀರು ಕುಡಿದ ಹರಳಿಗೆ ಇದೇ ಉಪಚಾರ ಮಾಡಿದರೆ ಹೆಚ್ಚೇನೂ ಅಲುಗಲಿಲ್ಲ. ಕ್ಯಾಲ್ಸಿಯಂ ಹಿಡಿತ ಅಷ್ಟು ಸುಲಭವಾಗಿ ಸಡಿಲುವುದಿಲ್ಲ. ಹಾಗಾಗಿ ಮೊದಲು ಮಳೆನೀರಿನಲ್ಲಿ ನೆನೆಸಿ ಹಾಕುವ ಉಪಾಯವೂ ನನಗೆ ದಕ್ಕದು, ಆಮೇಲೆ ಹಾಯಿಸುವುದು ಅದೇ ನೀರು ತಾನೇ.

ಸರಕು ಕಳಪೆಯಲ್ಲ. ಆದರೆ 400 ಪಟ್ಟು ಯಾವ ನೀರಿನಲ್ಲಿ ಎಂದು ಪೊಟ್ಟಣದಲ್ಲಿ ಒಂದಕ್ಷರವಿಲ್ಲ. ಅಂಗಡಿಯವರನ್ನು ಕೇಳಿದರೆ “ನೀರು ಅಂದರೆ ನೀರು ಮೇಡಂ” ಎಂದರು. ಮಲೆನಾಡಿನವರಿಗೆ ಐದಕ್ಕೆ ನಾಲ್ಕು ಅಂಕ, ನಮ್ಮ ಕಡೆಯವರಿಗೆ ಒಂದೂವರೆ.

ನನ್ನ ಸಸಿಗಳ ಬುಡಕ್ಕೆ ಮೊದಲಿನಂತೆ ತೆಂಗಿನ ಸಿಪ್ಪೆಯನ್ನೇ ಹೂತಿದ್ದೇನೆ. ಉಳಿದ ಕಾಲು ಕಿಲೋ ಹರಳು ಅಕ್ಕನಿಗೆ ಹೋಯಿತು. ಜಿಪುಣಿ ಎಂದಿದ್ದಕ್ಕೆ ಅರ್ಧ ಕಿಲೋ ಕಾಳುಮೆಣಸು ಕೇಳಿದ್ದೇನೆ, ಇನ್ನೂ ಬಂದಿಲ್ಲ.