ಮೆನುವಿನಲ್ಲಿ ‘ವಿ’ ಅಂತ ಇದ್ದರೂ ಚೀಸ್ ಯಾವುದು ಅಂತ ಕೇಳಿ

ಲಂಡನ್‌ಗೆ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿರುವವರು ದಯವಿಟ್ಟು ಇದನ್ನು ಓದಿ. ಅವರು ಸಸ್ಯಾಹಾರಿಗಳಾಗಿದ್ದರೆ ತಪ್ಪದೇ ಓದಿ.

ಕಳೆದ ತಿಂಗಳು ಇಬ್ಬರನ್ನೂ ಇಲ್ಲಿನ ಒಂದು ದೊಡ್ಡ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಪ್ರವೇಶ ಉಚಿತ. ಟಿಕೆಟ್ ದುಡ್ಡು ಉಳಿಯಿತಲ್ಲ, ಊಟ ಒಳಗಿನ ರೆಸ್ಟೋರೆಂಟ್‌ನಲ್ಲೇ ಆಗಲಿ ಅಂದುಕೊಂಡೆ. ಮೂರು ಗಂಟೆ ಓಡಾಡಿ ಅಮ್ಮನಿಗೆ ಕಾಲು ಬೇರೆ ನೋಯುತ್ತಿತ್ತು. ಗಾಜಿನ ಛಾವಣಿ, ಬಿಳಿ ಮೇಜುಬಟ್ಟೆ, ಎಲ್ಲಾ ಚಂದವಾಗಿತ್ತು.

ಅಣಬೆ ರಿಸೊಟ್ಟೊ ಪಕ್ಕದಲ್ಲಿ ‘ವಿ’ ಅಂತ ಇತ್ತು, ಅಂದರೆ ವೆಜಿಟೇರಿಯನ್. ಆದರೂ ಕೇಳಿದೆ. ಮಾಂಸ, ಮೀನು, ಮೊಟ್ಟೆ ಏನೂ ಇಲ್ಲ ಅಂದರು. ಅನ್ನ ಗಂಜಿಯ ಹದಕ್ಕೆ ಬೆಂದಿತ್ತು, ಮೇಲೆ ಚೀಸ್ ತೆಳ್ಳಗೆ ಹೆರೆದು ಉದುರಿಸಿದ್ದರು. “ಚೆನ್ನಾಗಿದೆ ಕಣೋ” ಅಂತ ಅಮ್ಮ ಅರ್ಧ ತಟ್ಟೆ ತಿಂದಿದ್ದರು. ಆಗ ನನಗೆ ಅನುಮಾನ ಬಂದು ಚೀಸ್ ಯಾವುದು ಅಂತ ಕೇಳಿದೆ. ಪಾರ್ಮಿಜಾನೊ ಅಂದರು.

ಆ ಚೀಸ್‌ಗೆ ಹಾಲು ಹೆಪ್ಪುಗಟ್ಟಿಸಲು ಬಳಸುವುದು ರೆನೆಟ್. ಅದನ್ನು ತೆಗೆಯುವುದು ಕರುವಿನ ಹೊಟ್ಟೆಯಿಂದ. ಬೇರೆ ಹೆಪ್ಪು ಹಾಕಿದರೆ ಪಾರ್ಮಿಜಾನೊ ಅನ್ನುವ ಹೆಸರನ್ನೇ ಇಡುವ ಹಾಗಿಲ್ಲ. ಗ್ರಾನಾ ಪಡಾನೊ ಅನ್ನುವ ಚೀಸ್ ಕೂಡ ಹಾಗೇ. ಸುಮ್ನೆ ಇದ್ದುಬಿಡಲೇ ಅನ್ನಿಸಿತು, ಆಗಲಿಲ್ಲ. ಹೇಳಿದೆ. ಅಮ್ಮ ಚಮಚ ಕೆಳಗಿಟ್ಟರು. ಒಂದು ಮಾತೂ ಆಡದೆ ಎದ್ದು ಹೋಗಿ ಬಾಯಿ ಮುಕ್ಕಳಿಸಿಕೊಂಡು ಬಂದರು. ಅಪ್ಪ ತಟ್ಟೆ ದೂರ ಸರಿಸಿದರು.

ಮ್ಯಾನೇಜರ್ ಹತ್ತಿರ ಹೇಳಿದರೆ, “ಎಷ್ಟೋ ಜನ ಸಸ್ಯಾಹಾರಿಗಳು ತಿನ್ನುತ್ತಾರಲ್ಲ” ಅಂದರು. ಕ್ಷಮೆಯೂ ಇಲ್ಲ. ನಮ್ಮಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕೆ ಹಾಕಲೇಬೇಕು ಅಂತ ಕಾನೂನಿದೆ. ಇಲ್ಲಿ ವೆಜಿಟೇರಿಯನ್ ಅಂದರೆ ಏನು ಅಂತ ಕಾನೂನೇ ಹೇಳುವುದಿಲ್ಲ. ಹಾಗಾಗಿ “ಈ ಚೀಸ್‌ನಲ್ಲಿ ಪ್ರಾಣಿ ರೆನೆಟ್ ಇದೆಯಾ?” ಅಂತಲೇ ಕೇಳಿ, ಆರ್ಡರ್ ಮಾಡುವ ಮುಂಚೆ. ಗೊತ್ತಿಲ್ಲ ಅಂದರೆ ಅಡುಗೆಮನೆಗೆ ಹೋಗಿ ಕೇಳಿಕೊಂಡು ಬರಲು ಹೇಳಿ. ಸಂಕೋಚ ಬೇಡ.

ಬಿಲ್ಲೂ ನೋಡಿ. ಎರಡು ರಿಸೊಟ್ಟೊ 38 ಪೌಂಡ್, ನನ್ನ ಸೂಪ್ 11, ಎರಡು ಬಾಟಲಿ ನೀರಿಗೆ 11. ಅದರ ಮೇಲೆ ಸರ್ವಿಸ್ ಚಾರ್ಜ್ ನೂರಕ್ಕೆ 12.5. ಒಟ್ಟು 67.50 ಪೌಂಡ್, ಏಳು ಸಾವಿರ ರೂಪಾಯಿಗೂ ಜಾಸ್ತಿ! ಇಂಗ್ಲೆಂಡಿನಲ್ಲಿ ಮದ್ಯ ಮಾರುವ ಲೈಸೆನ್ಸ್ ಇರುವ ಜಾಗದಲ್ಲಿ ನಲ್ಲಿ ನೀರು ಕೇಳಿದರೆ ಪುಕ್ಕಟೆ ಕೊಡಲೇಬೇಕು. ನಾವು ಬರೀ ನೀರು ಅಂದಿದ್ದಕ್ಕೆ ಬಾಟಲಿ ತೆರೆದೇಬಿಟ್ಟರು. ಸರ್ವಿಸ್ ಚಾರ್ಜ್ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಐಚ್ಛಿಕ ಅಂತಿತ್ತು. ಬೇಡ ಅಂದೆ, ಮುಖ ಗಂಟಿಕ್ಕಿಕೊಂಡೇ ತೆಗೆದರು. ನೀವೂ ಕೇಳಿ ತೆಗೆಸಿ.

ಊರಿಗೆ ಹೊರಡುವವರೆಗೂ, ಇನ್ನೂ ಹನ್ನೊಂದು ದಿನ, ಅಮ್ಮ ಹೊರಗೆ ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟಲಿಲ್ಲ.