ಮೇಜಿನ ಮೇಲಿನ ಎನ್‌ಎಂಆರ್: ಮಂಡ್ಯದ ಕಬ್ಬಿಗೆ 60 ಮೆಗಾಹರ್ಟ್ಸ್ ಸಾಕೇ?

ಎನ್‌ಎಂಆರ್ ಎಂದರೆ ಕಾಂತದೊಳಗಿಟ್ಟ ಸ್ಯಾಂಪಲ್‌ಗೆ ರೇಡಿಯೋ ತರಂಗ ತಾಗಿಸಿ, ಅದರ ಪ್ರೋಟಾನುಗಳು (ಹೈಡ್ರೋಜನ್ ನ್ಯೂಕ್ಲಿಯಸ್‌ಗಳು) ಕೊಡುವ ಸಿಗ್ನಲ್‌ನಿಂದ ಅಣುಗಳನ್ನು ಗುರುತಿಸುವ ವಿಧಾನ. ಮೇಜಿನ ಮೇಲೆ ಕೂರುವ 60 ಮೆಗಾಹರ್ಟ್ಸ್‌ನ ಚಿಕ್ಕ ಯಂತ್ರ, ಕಬ್ಬಿನ ಹಾಲಿನಲ್ಲಿ ಸುಕ್ರೋಸ್, ಗ್ಲೂಕೋಸ್ ಎಷ್ಟಿವೆ ಎಂದು ತಿಳಿಯುವುದಷ್ಟೇ ಕೆಲಸವಾದರೆ ಸಾಕು. ಗೊತ್ತಿಲ್ಲದ ಪಾಲಿಸ್ಯಾಕರೈಡ್ (ಸಕ್ಕರೆಗಳ ಉದ್ದ ಸರಪಳಿ) ಒಂದರ ರಚನೆ ಬಿಡಿಸಬೇಕಾದರೆ ಸಾಲದು. ಕಬ್ಬಿನ ಜಲ್ಲೆ, ಗೆಡ್ಡೆ, ನೆನೆಸಿದ ಕಾಳು ಇಂಥ ಜೀವಂತ ಅಂಗಾಂಶದೊಳಗಿನ ನೀರಿನ ಸ್ಥಿತಿ ಅಳೆಯುವುದಿದ್ದರೆ ಇದಕ್ಕಿಂತ ದೊಡ್ಡ ಯಂತ್ರದ ಅಗತ್ಯವೇ ಇಲ್ಲ. ಮೈಸೂರು ಮಂಡ್ಯದ ಕಾಲೇಜುಗಳು, ಸಕ್ಕರೆ ಕಾರ್ಖಾನೆಗಳ ಲ್ಯಾಬುಗಳು ಕೊಟೇಶನ್ ತರಿಸುವ ಮೊದಲೇ ತಮ್ಮ ಕೆಲಸ ಈ ಮೂರರಲ್ಲಿ ಯಾವುದು ಎಂದು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.

ಬ್ರೂಕರ್, ಮ್ಯಾಗ್ರಿಟೆಕ್, ನ್ಯಾನಾಲಿಸಿಸ್, ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್ ಮೊದಲಾದ ಕಂಪನಿಗಳು ಇಂಥ ಯಂತ್ರ ಮಾಡುತ್ತವೆ. ದ್ರವ ಹೀಲಿಯಂ ಬೇಡ, ವಾರವಾರ ದ್ರವ ಸಾರಜನಕ ತುಂಬುವ ತಾಪತ್ರಯವೂ ಇಲ್ಲ. ಒಳಗಿರುವುದು ಶಾಶ್ವತ ಕಾಂತ. ಪ್ರೋಟಾನುಗಳ ಆವರ್ತನ 60 ಮೆಗಾಹರ್ಟ್ಸ್ ಎಂದರೆ ಕಾಂತದ ಬಲ ಸುಮಾರು 1.4 ಟೆಸ್ಲಾ, ಆಸ್ಪತ್ರೆಯ 1.5 ಟೆಸ್ಲಾ ಎಂಆರ್‌ಐ ಯಂತ್ರದ ಆವರ್ತನವೂ ಹೆಚ್ಚುಕಡಿಮೆ ಇಷ್ಟೇ, 64 ಮೆಗಾಹರ್ಟ್ಸ್. ಆವರ್ತನ ಕಡಿಮೆ ಎಂದು ತಾತ್ಸಾರ ಮಾಡಬೇಕಿಲ್ಲ. 1958ರಲ್ಲಿ ಕೆನಡಾದ ರೇಮಂಡ್ ಲೆಮ್ಯೂ ಮತ್ತು ಸಂಗಡಿಗರು ಸಕ್ಕರೆಯ ಅಸಿಟೇಟುಗಳಲ್ಲಿ ಆಕ್ಸಿಯಲ್ (ಅಣುವಿನ ಉಂಗುರಕ್ಕೆ ಲಂಬವಾಗಿ ನಿಂತ) ಮತ್ತು ಈಕ್ವಟೋರಿಯಲ್ (ಬದಿಗೆ ಚಾಚಿದ) ಪ್ರೋಟಾನುಗಳನ್ನು ಬೇರ್ಪಡಿಸಿ ತೋರಿಸಿದ್ದು 40 ಮೆಗಾಹರ್ಟ್ಸ್ ಯಂತ್ರದಲ್ಲಿ. ಕಾರ್ಬೋಹೈಡ್ರೇಟ್ ರಸಾಯನಶಾಸ್ತ್ರಕ್ಕೆ ಎನ್‌ಎಂಆರ್ ಕಾಲಿಟ್ಟಿದ್ದೇ ಹಾಗೆ.

ನಮ್ಮ ಕಡೆ ಈ ಯಂತ್ರಕ್ಕೆ ನಿಜವಾದ ಶತ್ರು ಕರೆಂಟು. ನಿಯೋಡಿಮಿಯಂ ಕಾಂತದ ಬಲ ಒಂದು ಡಿಗ್ರಿ ಬಿಸಿಗೆ ಸುಮಾರು ಶೇ. 0.1 ಇಳಿಯುತ್ತದೆ. ಕೇಳಲು ಅಲ್ಪ, ಲೆಕ್ಕ ಹಾಕಿದರೆ 1000 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಸಾವಿರ ಪಾಲು. ಪೀಕ್‌ಗಳ (ಸಿಗ್ನಲ್ ಶಿಖರಗಳ) ಸ್ಥಾನ ಹೇಳುವುದೂ ಇದೇ ಪಿಪಿಎಂ ಅಳತೆಯಲ್ಲಿ. ಸಕ್ಕರೆಯ ಸ್ಪೆಕ್ಟ್ರಮ್ ಪೂರ್ತಿ ಇರುವುದೇ 3ರಿಂದ 5.5 ಪಿಪಿಎಂ ನಡುವೆ! ಅದಕ್ಕೇ ಕಾಂತವನ್ನು ಒಂದೇ ಉಷ್ಣತೆಯಲ್ಲಿ ಹಿಡಿದಿಡುವ ಹೀಟರ್ ಒಳಗಿರುತ್ತದೆ. ಕರೆಂಟು ಹೋಗಿ ಕಾಂತ ತಣ್ಣಗಾದರೆ ಮತ್ತೆ ಹದಕ್ಕೆ ಬರಲು ಗಂಟೆಗಟ್ಟಲೆ ಬೇಕು, ಆಮೇಲೆ ಶಿಮ್ಮಿಂಗ್ (ಕಾಂತಕ್ಷೇತ್ರವನ್ನು ಎಲ್ಲೆಡೆ ಸಮ ಮಾಡುವುದು) ಮೊದಲಿಂದ. ಕಂಪ್ಯೂಟರಿಗೆ ಇಟ್ಟ ಹತ್ತು ನಿಮಿಷದ ಯುಪಿಎಸ್ ಇದಕ್ಕೆ ಸಾಲದು. ಲೋಡ್ ಶೆಡ್ಡಿಂಗ್ ಎಷ್ಟು ಹೊತ್ತೋ ಅಷ್ಟು ಹೊತ್ತು ತಡೆಯುವ ಬ್ಯಾಟರಿ ಬೇಕು. ಎಸಿಯ ಗಾಳಿ, ಕಿಟಕಿಯ ಬಿಸಿಲು ಯಂತ್ರದ ಮೇಲೆ ನೇರ ಬೀಳಬಾರದು. ಸ್ಟೀಲ್ ಬೀರು, ಕಬ್ಬಿಣದ ಸ್ಟೂಲುಗಳನ್ನು ಪಕ್ಕದಿಂದ ದೂರ ಸರಿಸಬೇಕು.

ಇನ್ನು ಕಬ್ಬಿನ ಹಾಲು. ಈ ಯಂತ್ರದ ಶಕ್ತಿ ಮತ್ತು ಮಿತಿ ಎರಡೂ ಗೊತ್ತಾಗುವುದು ಇಲ್ಲೇ. ನೀರಿನಲ್ಲಿ ಗ್ಲೂಕೋಸ್ ಆಲ್ಫಾ, ಬೀಟಾ ಎಂಬ ಎರಡು ರೂಪಗಳಲ್ಲಿರುತ್ತದೆ. ನೋಡಬೇಕಾದ ಪೀಕ್‌ಗಳು ನಾಲ್ಕೇ, ಪಿಪಿಎಂ ಲೆಕ್ಕದಲ್ಲಿ: ಸುಕ್ರೋಸ್ 5.41, ಆಲ್ಫಾ ಗ್ಲೂಕೋಸ್ 5.23, ಬೀಟಾ ಗ್ಲೂಕೋಸ್ 4.64, ನಡುವೆ 4.8ರ ಹತ್ತಿರ ನೀರು. ಸುಕ್ರೋಸ್ ಮತ್ತು ಆಲ್ಫಾ ಗ್ಲೂಕೋಸ್ ನಡುವಿನ 0.18 ಪಿಪಿಎಂ ಅಂತರ 60 ಮೆಗಾಹರ್ಟ್ಸ್‌ನಲ್ಲಿ 11 ಹರ್ಟ್ಸ್. ಎರಡೂ 3.8 ಹರ್ಟ್ಸ್ ಅಂತರದ ಜೋಡಿ ಪೀಕ್‌ಗಳು. ಶಿಮ್ ಚೆನ್ನಾಗಿದ್ದು ಪೀಕ್ ಅಗಲ 1 ಹರ್ಟ್ಸ್ ಒಳಗಿದ್ದರೆ ಇವು ಬಿಡಿಬಿಡಿಯಾಗಿ ನಿಲ್ಲುತ್ತವೆ, 2 ದಾಟಿದರೆ ಬುಡ ಕೂಡಿಕೊಳ್ಳುತ್ತದೆ. ಬೀಟಾ ಗ್ಲೂಕೋಸ್ ಮಾತ್ರ ನೀರಿನಿಂದ 9 ಹರ್ಟ್ಸ್ ದೂರದಲ್ಲಿದ್ದು ಅದರ ಬುಡದಲ್ಲಿ ಮುಳುಗಿಹೋಗುತ್ತದೆ. 400 ಮೆಗಾಹರ್ಟ್ಸ್ ಯಂತ್ರದಲ್ಲಿ ಅದೇ ಅಂತರ 60 ಹರ್ಟ್ಸ್, ಅಲ್ಲಿ ಈ ತೊಂದರೆಯಿಲ್ಲ. ಸಾಕಷ್ಟು ಬಿಸಿ ಮಾಡಿದರೆ ಡಿಗ್ರಿಗೆ 0.01 ಪಿಪಿಎಂ ಲೆಕ್ಕದಲ್ಲಿ ನೀರಿನ ಪೀಕ್ ಬಲಕ್ಕೆ ಸರಿದು ಬೀಟಾ ಪೀಕನ್ನು ದಾಟಿಹೋಗುತ್ತದೆ. ಆದರೆ ಮೇಜಿನ ಯಂತ್ರಗಳಲ್ಲಿ ಹಲವಕ್ಕೆ ಸ್ಯಾಂಪಲ್ ಬಿಸಿ ಮಾಡುವ ಅನುಕೂಲವಿಲ್ಲ. ಪ್ರೀಸ್ಯಾಚುರೇಶನ್ ಹಾಕಿ, ಅಂದರೆ ನೀರಿನ ಆವರ್ತನದಲ್ಲೇ ಮೊದಲು ರೇಡಿಯೋ ತರಂಗ ಹರಿಸಿ, ನೀರನ್ನು ಅಡಗಿಸಲು ಹೋದರೆ ಪಕ್ಕದ ಬೀಟಾ ಪೀಕ್ ಕೂಡ ತಿಂದುಹೋಗುತ್ತದೆ.

ದಾರಿ ಸರಳ. ಸಮತೋಲದಲ್ಲಿರುವ ಗ್ಲೂಕೋಸ್‌ನಲ್ಲಿ ಆಲ್ಫಾ ಪಾಲು ಶೇ. 36. ಆಲ್ಫಾ ಪೀಕಿನ ವಿಸ್ತೀರ್ಣವನ್ನು 0.36ರಿಂದ ಭಾಗಿಸಿದರೆ ಒಟ್ಟು ಗ್ಲೂಕೋಸ್ ಸಿಕ್ಕಿತು. ಒಂದೇ ಎಚ್ಚರಿಕೆ: ಗ್ಲೂಕೋಸ್ ಪುಡಿ ಕರಗಿಸಿ ಸ್ಟ್ಯಾಂಡರ್ಡ್ ಮಾಡುವಾಗ ಆ ಸಮತೋಲ ಬರಲು ಕೆಲವು ಗಂಟೆ ಬೇಕು. ಹಿಂದಿನ ರಾತ್ರಿಯೇ ಕರಗಿಸಿಡಿ. ಆಗಷ್ಟೇ ಕರಗಿಸಿದ್ದರಲ್ಲಿ ಲೆಕ್ಕ ತಪ್ಪುವುದು ಖಂಡಿತ.

ನೀರು ಕಡಿಮೆಯಾಗಲೆಂದು ಹಾಲಿಗೆ ಭಾರಜಲ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ನೀರು) ಬೆರೆಸಿ ತೆಳು ಮಾಡುವವರಿದ್ದಾರೆ. ಅದರಿಂದ ಏನೂ ಆಗದು. 18 ಬ್ರಿಕ್ಸ್ (ನೂರು ಗ್ರಾಂನಲ್ಲಿ ಕರಗಿದ ಅಂಶ 18 ಗ್ರಾಂ) ಹಾಲಿನಲ್ಲಿ ಸುಕ್ರೋಸ್‌ನ ಒಂದು ಪ್ರೋಟಾನಿಗೆ ನೀರಿನ ಪ್ರೋಟಾನು ಸುಮಾರು ಇನ್ನೂರು. ತೆಳು ಮಾಡಿದರೆ ಎರಡೂ ಒಟ್ಟಿಗೆ ತೆಳುವಾಗುತ್ತವೆ, ಅನುಪಾತ ಅಲ್ಲೇ ನಿಲ್ಲುತ್ತದೆ. ಫ್ರೀಜ್ ಡ್ರೈ ಮಾಡಿಯೇ, ಅಂದರೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿಯೇ, ನೀರು ತೆಗೆಯಬೇಕು. ಹಾಲನ್ನು ಗಾಣದಿಂದ ಹಿಡಿದ ಕೂಡಲೇ ಪಿಎಚ್ 7ಕ್ಕೆ ತಂದು, ಐದು ನಿಮಿಷ ಕುದಿನೀರಿನಲ್ಲಿಟ್ಟು ಸುಕ್ರೋಸನ್ನು ಒಡೆಯುವ ಇನ್ವರ್ಟೇಸ್ ಕಿಣ್ವವನ್ನು ಕೊಲ್ಲಬೇಕು. ಪಿಎಚ್ ಸರಿಪಡಿಸದೆ ಬಿಸಿ ಮಾಡಿದರೆ ಹಾಲಿನ ಸ್ವಂತ ಹುಳಿಯೇ ಸುಕ್ರೋಸನ್ನು ಒಡೆಯುತ್ತದೆ, ಕಿಣ್ವ ಮಾಡುವ ಕೆಲಸವನ್ನು ನೀವೇ ಮಾಡಿದಂತಾಗುತ್ತದೆ. ಆಮೇಲೆ ಸೆಂಟ್ರಿಫ್ಯೂಜ್ ಮಾಡಿ, ತಿಳಿಯಲ್ಲಿ 0.2 ಮಿ.ಲೀ. ತೆಗೆದು ಶುದ್ಧ ನೀರಿನಲ್ಲಿ ನಾಲ್ಕು ಪಟ್ಟು ತೆಳು ಮಾಡಿ ಒಣಗಿಸಿ. ಗಟ್ಟಿ ಹಾಲನ್ನೇ ಇಟ್ಟರೆ ಪಾಕದಂತೆ ಉಬ್ಬಿ ಗೋಡೆಗೆ ಅಂಟುತ್ತದೆ. 0.5 ಮಿ.ಲೀ. ಭಾರಜಲದಲ್ಲಿ ಕರಗಿಸಿ ಇನ್ನೊಮ್ಮೆ ಒಣಗಿಸಿ, ಕೊನೆಗೆ 0.6 ಮಿ.ಲೀ. ಭಾರಜಲದಲ್ಲಿ ಕರಗಿಸಿ 5 ಮಿ.ಮೀ. ಟ್ಯೂಬಿಗೆ ತುಂಬಿ. ಟ್ಯೂಬಿನಲ್ಲಿ ದ್ರವ ಸುಮಾರು 4 ಸೆಂ.ಮೀ. ನಿಲ್ಲಬೇಕು. ಕಡಿಮೆಯಾದರೆ ಶಿಮ್ ಕೂರುವುದಿಲ್ಲ.

ಪ್ರಮಾಣ ಅಳೆಯಲು ತೂಗಿ ಹಾಕಿದ ಮೇಲಿಕ್ ಆಮ್ಲ ಒಳ್ಳೆಯ ಆಂತರಿಕ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯಲು ಸ್ಯಾಂಪಲ್‌ನಲ್ಲೇ ಬೆರೆಸುವ ವಸ್ತು). ಅದರ ಒಂಟಿ ಪೀಕ್ 6ರ ಆಸುಪಾಸಿನಲ್ಲಿ, ಸಕ್ಕರೆಗಳಿಂದ ದೂರ ಬರುತ್ತದೆ. 90 ಡಿಗ್ರಿ ಪಲ್ಸ್ (ಪ್ರೋಟಾನುಗಳನ್ನು ಅಷ್ಟು ಕೋನಕ್ಕೆ ವಾಲಿಸುವ ರೇಡಿಯೋ ತರಂಗದ ಮಿಡಿತ), ಎರಡು ಪಲ್ಸ್ ನಡುವೆ 15 ಸೆಕೆಂಡ್, 32 ಸ್ಕ್ಯಾನ್: ಎಂಟು ನಿಮಿಷದ ಕೆಲಸ. ಬೇಗ ಮುಗಿಸಲು ಬಿಡುವನ್ನು 2 ಸೆಕೆಂಡಿಗೆ ಇಳಿಸಿದರೆ ಮೇಲಿಕ್ ಆಮ್ಲದ ಪ್ರೋಟಾನುಗಳು ಪೂರ್ತಿ ಚೇತರಿಸಿಕೊಂಡಿರುವುದಿಲ್ಲ, ಸಕ್ಕರೆ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಫ್ರಕ್ಟೋಸ್ ವಿಷಯದಲ್ಲಿ ಈ ಯಂತ್ರ ಸೋಲುತ್ತದೆ. ಅದರ ಎರಡನೇ ಕಾರ್ಬನ್ನಿನಲ್ಲಿ ಪ್ರೋಟಾನೇ ಇಲ್ಲ, ಉಳಿದವು 3.5ರಿಂದ 4.1ರ ಗುಂಪಿನಲ್ಲಿ ಸುಕ್ರೋಸ್ ಜೊತೆ ಕಲಸಿಹೋಗುತ್ತವೆ. ಫ್ರಕ್ಟೋಸ್ ಬೇಕೇಬೇಕೆಂದರೆ ಎಚ್‌ಪಿಎಲ್‌ಸಿ (ಸಕ್ಕರೆಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮ್ಯಾಟೊಗ್ರಫಿ) ಮೇಲು.

ಹಾಗಾದರೆ ಬ್ರಿಕ್ಸ್ ಮೀಟರ್, ಪೋಲಾರಿಮೀಟರ್ ಇರುವಾಗ ಇದೇಕೆ? ಹಳಸಿದ ಕಬ್ಬಿಗೆ. ಕಡಿದ ಕಬ್ಬು ಗಾಡಿಯಲ್ಲೇ ದಿನಗಟ್ಟಲೆ ಕಾದರೆ ಲ್ಯುಕೊನೊಸ್ಟಾಕ್ ಬ್ಯಾಕ್ಟೀರಿಯಾ ಸುಕ್ರೋಸ್ ತಿಂದು ಡೆಕ್ಸ್‌ಟ್ರಾನ್ ಎಂಬ ಗ್ಲೂಕೋಸ್ ಸರಪಳಿ ಮಾಡುತ್ತದೆ. ಪೋಲಾರಿಮೀಟರ್ ಅಳೆಯುವುದು ಧ್ರುವೀಕೃತ ಬೆಳಕು ಎಷ್ಟು ತಿರುಗಿತು ಎಂಬುದನ್ನು; ಡೆಕ್ಸ್‌ಟ್ರಾನ್ ಅದನ್ನು ಬಲಕ್ಕೆ ತಿರುಗಿಸುವುದು ಸುಕ್ರೋಸ್‌ನ ಸುಮಾರು ಮೂರು ಪಟ್ಟು. ಹೀಗಾಗಿ ಸಕ್ಕರೆ ಇಳಿದರೂ ಪೋಲಾರಿಮೀಟರಿನ ಓದು ಅಷ್ಟಾಗಿ ಇಳಿಯುವುದಿಲ್ಲ. ಪಾಕ ಲೋಳೆಯಾಗಿ ಹರಳು ಕಟ್ಟದಿದ್ದಾಗಲೇ ಗೊತ್ತಾಗುವುದು. ಎನ್‌ಎಂಆರ್‌ನಲ್ಲಿ ಡೆಕ್ಸ್‌ಟ್ರಾನಿನ ಗ್ಲೂಕೋಸುಗಳನ್ನು ಪೋಣಿಸುವ ಆಲ್ಫಾ 1,6 ಕೊಂಡಿ 4.98ರಲ್ಲಿ ತನ್ನದೇ ಪೀಕ್ ಕೊಡುತ್ತದೆ. ಅದೂ ನೀರಿಗೆ ಹತ್ತಿರವೇ. ಆದ್ದರಿಂದ ಹಾಲಿಗೆ ಸಮಪ್ರಮಾಣ ಆಲ್ಕೋಹಾಲ್ ಸೇರಿಸಿ ಗಸಿ ಇಳಿಸಿ, ತೊಳೆದು ಒಣಗಿಸಿ, ಭಾರಜಲದಲ್ಲಿ ಕರಗಿಸಿ ನೋಡುವುದು ಒಳ್ಳೆಯದು. ಗಸಿಯಲ್ಲಿ ಪಿಷ್ಟವೂ ಇಳಿಯುತ್ತದೆ, ಆದರೆ ಅದರ ಆಲ್ಫಾ 1,4 ಕೊಂಡಿ 5.40ರಲ್ಲಿ, 25 ಹರ್ಟ್ಸ್ ಆಚೆ ಇರುತ್ತದೆ. ಗಸಿ ಎಷ್ಟು ಮಬ್ಬಾಗಿದೆ ಎಂದು ನೋಡಿ ಅಂದಾಜಿಸುವ ಪರೀಕ್ಷೆಗೆ ಈ ಎರಡನ್ನು ಬಿಡಿಸಲು ಬೇರೆ ಕಿಣ್ವವೇ ಬೇಕು. ಕಾರ್ಖಾನೆಯ ಲ್ಯಾಬಿಗೆ ಈ ಒಂದು ಅಳತೆಗಾಗಿಯೇ ಯಂತ್ರ ಯೋಗ್ಯ ಎನ್ನಬಹುದು.

ಬೆಲ್ಲಕ್ಕೆ ಸಕ್ಕರೆ ಬೆರೆಸಿದ್ದಾರೋ ಇಲ್ಲವೋ ಎಂಬುದು ಮಂಡ್ಯದಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಈ ಯಂತ್ರ ನೇರ ಉತ್ತರ ಕೊಡದು, ಕೊಡುತ್ತದೆ ಎಂದು ಮಾರುವವರನ್ನು ನಂಬಬೇಡಿ. ಆಲೆಮನೆಯ ಕೊಪ್ಪರಿಗೆಯಿಂದ ಬಂದ ಸುಕ್ರೋಸೂ ಕಾರ್ಖಾನೆಯ ಚೀಲದಿಂದ ಬಂದ ಸುಕ್ರೋಸೂ ಒಂದೇ ಅಣು, ಎರಡೂ ಕಬ್ಬಿನದೇ. ಕಬ್ಬಿನ ಮುಖ್ಯ ಆಮ್ಲವಾದ ಅಕೋನಿಟಿಕ್ ಆಮ್ಲದ ಪೀಕ್ ಸುಕ್ರೋಸ್‌ಗೆ ಹೋಲಿಸಿದರೆ ಎಷ್ಟು ಎಂಬುದು ಸುಳಿವು ಕೊಡಬಹುದು, ಸಾಕ್ಷಿಯಾಗದು. ತಳಿ, ಮಣ್ಣು, ಕಟಾವಿನ ವಯಸ್ಸು ಎಲ್ಲವೂ ಅದನ್ನು ಬದಲಿಸುತ್ತವೆ. ಬೆಲ್ಲದ ಸ್ಯಾಂಪಲ್‌ನಲ್ಲಿ ಕಬ್ಬಿಣದ ಅಂಶದಿಂದ ಪೀಕ್‌ಗಳು ಅಗಲವಾದರೆ ಲೋಹಗಳನ್ನು ಹಿಡಿದಿಡುವ ಇಡಿಟಿಎ ಸ್ವಲ್ಪ ಸೇರಿಸಿ. 2.5ರ ಸುಮಾರಿಗೆ ಹೊಸ ಪೀಕ್ ಎದ್ದರೆ ಗಾಬರಿ ಬೇಡ. ಅದು ಕ್ಯಾಲ್ಸಿಯಂ ಹಿಡಿದ ಇಡಿಟಿಎಯದು. ಹಾಲು ತಿಳಿಯಾಗಲು ಹಾಕುವ ಸುಣ್ಣದ ಕ್ಯಾಲ್ಸಿಯಂ ಕೂಡ ಅದರಲ್ಲಿ ಸೇರಿರುತ್ತದೆ.

ಜೀವಂತ ಅಂಗಾಂಶಕ್ಕೆ ಬಂದರೆ ಕ್ರಮವೇ ಬೇರೆ. ಜಲ್ಲೆಯ ಗೆಣ್ಣುಗಳ ನಡುವಿನ ತಿರುಳನ್ನು 4 ಮಿ.ಮೀ. ಕಾರ್ಕ್ ಬೋರರ್‌ನಿಂದ ತೆಗೆದು ಟ್ಯೂಬಿಗೆ ಇಳಿಸಿ, ಒಣಗದಂತೆ ಬಾಯಿ ಮುಚ್ಚಿ. ಸ್ಪೆಕ್ಟ್ರಮ್ ನೋಡಿದರೆ ನೀರಿನ ಒಂದು ದಪ್ಪ ಗುಡ್ಡೆ ಬಿಟ್ಟು ಏನೂ ಕಾಣದು. ಜೀವಕೋಶಗಳ ನಡುವಿನ ಗಾಳಿ ಕಾಂತಕ್ಷೇತ್ರವನ್ನು ಕದಡುತ್ತದೆ. ಇಲ್ಲಿ ಅಳೆಯಬೇಕಾದ್ದು ಟಿ2, ಅಂದರೆ ಸಿಗ್ನಲ್ ಎಷ್ಟು ಬೇಗ ಆರುತ್ತದೆ ಎಂಬುದು; ಸಿಪಿಎಂಜಿ ಎಂಬ, ಸಾಲಾಗಿ ಪಲ್ಸ್ ಕೊಟ್ಟು ಸಿಗ್ನಲ್ಲನ್ನು ಮತ್ತೆ ಮತ್ತೆ ಎಬ್ಬಿಸುವ ಪ್ರತಿಧ್ವನಿ ಸರಣಿಯಿಂದ. ವ್ಯಾಕ್ಯುವೋಲ್‌ನ (ಕೋಶದೊಳಗಿನ ರಸದ ಚೀಲದ) ನೀರು ನಿಧಾನವಾಗಿ ಆರುತ್ತದೆ, ಸೈಟೊಪ್ಲಾಸಂನದು ಬೇಗ, ಕೋಶಭಿತ್ತಿಯದು ಇನ್ನೂ ಬೇಗ. ಸುಕ್ರೋಸ್ ಶೇಖರವಾಗುವುದು ವ್ಯಾಕ್ಯುವೋಲ್‌ನಲ್ಲಿ. ಅದರ ಹೈಡ್ರಾಕ್ಸಿಲ್ ಪ್ರೋಟಾನುಗಳು ನೀರಿನೊಡನೆ ಅದಲುಬದಲಾಗುತ್ತಾ ನೀರಿನ ಟಿ2 ಇಳಿಸುತ್ತವೆ. ಬಲಿತ ಗೆಣ್ಣಿಗೂ ಎಳೆಯ ತುದಿಗೂ ಇರುವ ವ್ಯತ್ಯಾಸವನ್ನು ಹಿಂಡದೆ ಕಾಣುವುದು ಈ ದಾರಿಯಿಂದ.

ಎಡವುವುದು ಎರಡು ಕಡೆ. ಪ್ರತಿಧ್ವನಿಗಳ ನಡುವಿನ ಸಮಯ ಉದ್ದವಾದರೆ, ಗಾಳಿಯ ಸುತ್ತ ಇರುವ ಅಸಮ ಕ್ಷೇತ್ರದಲ್ಲಿ ನೀರು ಅಲೆದಾಡಿ ಟಿ2 ಸುಳ್ಳಾಗಿ ಕಡಿಮೆ ಬರುತ್ತದೆ. 0.2 ಮಿಲಿಸೆಕೆಂಡಿನಲ್ಲಿ ಒಮ್ಮೆ, 1 ಮಿಲಿಸೆಕೆಂಡಿನಲ್ಲಿ ಒಮ್ಮೆ ಅಳೆದು ಹೋಲಿಸಿ. ಫಲಿತಾಂಶ ಬದಲಾದರೆ ಆ ತೊಂದರೆ ಇದೆ ಎಂದೇ ಅರ್ಥ. ಎರಡನೆಯದು, ಸಾಫ್ಟ್‌ವೇರ್ ಮೂರು ನಾಲ್ಕು ಘಟಕ ತೋರಿಸಿತೆಂದು ಅವನ್ನೆಲ್ಲ ಜೀವಕೋಶದ ಭಾಗಗಳೆಂದು ಕರೆಯುವುದು. ಅದೇ ತುಂಡನ್ನು ಹೆಪ್ಪುಗಟ್ಟಿಸಿ ಕರಗಿಸಿ ಮತ್ತೆ ಅಳೆಯಿರಿ. ಪೊರೆಗಳು ಒಡೆದು ನೀರೆಲ್ಲ ಬೆರೆತಾಗ ಘಟಕಗಳು ಒಂದಕ್ಕೊಂದು ಕೂಡಿಕೊಂಡರೆ ಮಾತ್ರ ಮೊದಲು ಕಂಡದ್ದು ಕೋಶದ ಭಾಗಗಳೇ ಎನ್ನಲು ಆಧಾರ. ಹಾಗೇ ಉಳಿದರೆ ಅದು ಗಣಿತದ ಸೃಷ್ಟಿಯೇ ಇರಬಹುದು.

ಖರೀದಿಗೆ ಮೊದಲು ಡೆಮೊ ಕೇಳಿ, ಸ್ಯಾಂಪಲ್ ನಿಮ್ಮದೇ ಇರಲಿ. ಮಾರಾಟದವರು ಎಥನಾಲ್ ಅಥವಾ ಕ್ಲೋರೋಫಾರ್ಮ್ ಟ್ಯೂಬ್ ತರುತ್ತಾರೆ, ಅದರಲ್ಲಿ ಯಾವ ಯಂತ್ರವೂ ಚೆನ್ನಾಗಿ ಕಾಣುತ್ತದೆ. ಭಾರಜಲದಲ್ಲಿ ಸುಕ್ರೋಸ್ 50 ಮಿಲಿಮೋಲಾರ್, ಗ್ಲೂಕೋಸ್ 20 ಮಿಲಿಮೋಲಾರ್ ಹಿಂದಿನ ದಿನವೇ ಕರಗಿಸಿ ಕೊಡಿ. 5.41 ಮತ್ತು 5.23ರ ನಡುವೆ ಗೆರೆ ತಳಕ್ಕೆ ಇಳಿಯಬೇಕು, ವಿಸ್ತೀರ್ಣಗಳ ಅನುಪಾತ 50ಕ್ಕೆ 7.2 ಬರಬೇಕು. ಆಮೇಲೆ ಯಂತ್ರದ ಪ್ಲಗ್ ಅರ್ಧ ಗಂಟೆ ತೆಗೆದಿಟ್ಟು ಮತ್ತೆ ಹಾಕಿಸಿ, ಅದೇ ಅನುಪಾತ, ಅದೇ ಪೀಕ್ ಅಗಲ ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆಸಿಕೊಳ್ಳಿ.